ತಮ್ಮನ ಹೆಸರಿನಲ್ಲಿ ನಾನು ಹೇಳಿದ ಸಾಕ್ಷಿ

ಕೊರೊನಾ ಮುಗಿದ ಮರುವರ್ಷ. ನಾನು, ನನ್ನ ತಮ್ಮ ಸುಂದರ ಕಾಚಿಗೂಡದ ಒಂದು ಬಾಡಿಗೆ ಮನೆಯಲ್ಲಿದ್ದೆವು. ಬೀದರ ಕಡೆಯಿಂದ ಬಂದ ನಾವು ಕೆಲವು ಕ್ರೈಸ್ತ ಕುಟುಂಬದವರು ಪ್ರತಿ ಶುಕ್ರವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರಿ ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತೇವೆ. ಕೊನೆಗೆ ಒಬ್ಬೊಬ್ಬರೇ ಎದ್ದು, ದೇವರು ತಮಗೆ ಮಾಡಿದ ಉಪಕಾರವನ್ನು ಹೇಳುತ್ತಾರೆ. ಅದಕ್ಕೆ ಸಾಕ್ಷಿ ಎನ್ನುತ್ತೇವೆ. ನಾನು ಓದಿದ್ದು ಐದನೆಯ ತರಗತಿ. ಆದರೆ ಸಾಕ್ಷಿ ಹೇಳಲು ನಿಂತರೆ ಎಲ್ಲರೂ ಕಿವಿಗೊಡುತ್ತಿದ್ದರು. ನನಗೆ ಅದೇ ಹೆಮ್ಮೆ.

ಆ ವರ್ಷ ಸುಂದರನಿಗೆ ಹೊಟ್ಟೆನೋವು ಶುರುವಾಯಿತು. ಎಲ್ಲರೂ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಕೆಲವು ದಿನ ನೋವು ಬರಲಿಲ್ಲ. ಮುಂದಿನ ಶುಕ್ರವಾರ ನಾನು ಎದ್ದು, "ನನ್ನ ತಮ್ಮ ಪೂರಾ ಗುಣ ಆಗ್ಯಾನ್ರಿ" ಎಂದೆ. ಚಪ್ಪಾಳೆ ತಟ್ಟಿದರು.

ಮನೆಗೆ ಬರುವಾಗ ಅವನು ನಕ್ಕ. "ಅಕ್ಕಾ, ಗುಣ ಆದಾಂವ ಯಾಂವ? ನನಗೂ ತೋರಸು, ನಮಸ್ಕಾರ ಮಾಡ್ತೀನಿ."

"ವಿಶ್ವಾಸದಿಂದ ಅಂದ್ರ ಆಗ್ತೈತಿ" ಎಂದೆ.

"ನನಗ ಸಾಯೋ ಅಂಜಿಕಿ ಐತಿ. ಅಂಜಿಕೋತನ ದೇವರನ್ನ ಕರೀತೀನಿ. ಅಂವ ಕೇಳ್ತಾನೋ ಇಲ್ಲೋ ಗೊತ್ತಿಲ್ಲ, ಆದ್ರೂ ಕರೀತೀನಿ. ನನ್ನ ವಿಶ್ವಾಸ ಇಷ್ಟ. ಅದರಾಗ ನಿನ್ನ ಚಪ್ಪಾಳಿ ತರಬ್ಯಾಡ."

ನೋವು ಮರಳಿತು. ದವಾಖಾನೆಗೆ ಹೋಗೋಣ ಎಂದ. ಗುಣವಾದವನು ದವಾಖಾನೆಗೆ ಹೊರಟರೆ ಜನ ಏನೆಂದಾರು ಎಂದು ನಾನು ಮುಂದೂಡುತ್ತ ಹೋದೆ. ಕೊನೆಗೆ ಕರೆದೊಯ್ದಾಗ ಡಾಕ್ಟರು ಅಲ್ಲಿನ ಉರ್ದುವಿನಲ್ಲಿ, "ಇತ್ತೀ ದೇರ್ ಕಾಯ್ಕು ಕರೇ ಅಮ್ಮಾ?" ಎಂದರು. ಇಷ್ಟು ತಡ ಯಾಕೆ ಮಾಡಿದಿರಿ ಎಂದು ಅವರು ಕೇಳಿದ್ದು. ಪ್ರಾರ್ಥನೆಗೆ ಸೇರುವವರಿಗೆಲ್ಲ, ಸುಂದರ ಊರಿಗೆ ಹೋಗಿದ್ದಾನೆ ಎಂದು ಹೇಳಿದ್ದೆ.

ದವಾಖಾನೆಯ ಹಾಸಿಗೆಯಲ್ಲಿ ಸುಂದರ ಒಂದೇ ಒಂದು ಮಾತು ಕೇಳಿಕೊಂಡ. "ಈ ಶುಕ್ರವಾರ ಎದ್ದು ನಿಂತು ಖರೇ ಹೇಳಿ ಬಾ ಅಕ್ಕಾ. ಗುಣ ಆದಾಂವ ಅಂತ ಅಲ್ಲ, ಸಾಯಾಕತ್ತಾನ ಅಂತ ನನ್ನ ಸಲುವಾಗಿ ಪ್ರಾರ್ಥನಾ ಮಾಡ್ಲಿ."

ಹೋದೆ. ಎದ್ದು ನಿಂತೆ. ಎಲ್ಲರ ಮುಖ ನೋಡಿ, "ದೇವರಿಗೆ ಸ್ತೋತ್ರ" ಎಂದಷ್ಟೇ ಹೇಳಿ ಕುಳಿತುಬಿಟ್ಟೆ.

ದವಾಖಾನೆಗೆ ಮರಳಿದಾಗ, "ಹೇಳಿದೇನು?" ಎಂದು ಸುಂದರ ಕೇಳಿದ.

"ಹೇಳಿದೆ. ಎಲ್ಲಾರೂ ನಿನ್ನ ಹೆಸರು ಹಿಡಿದು ಅತ್ತರು."

"ಹಂಗಾರ ಸಾಕು" ಎಂದು ಕಣ್ಣು ಮುಚ್ಚಿದ. ಆ ವಾರವೇ ತೀರಿಕೊಂಡ.

ಮಣ್ಣು ಮಾಡಿದ ಮೇಲೆ ಬಂದ ಶುಕ್ರವಾರ ಎಲ್ಲವನ್ನೂ ಹೇಳಿದೆ. ಯಾರೂ ಬೈಯಲಿಲ್ಲ. ಹಿರಿಯರೊಬ್ಬರು, "ದೇವರು ಕ್ಷಮಿಸ್ಯಾನ, ಕುಂದ್ರವ್ವಾ" ಎಂದರು. ಕ್ಷಮಿಸಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವುದನ್ನು ಮಾತ್ರ ಬಿಟ್ಟಿದ್ದೇನೆ.