ಎರಡು ಕಪ್ಪು ಡಿಸ್ಕುಗಳು

ಬಿ.ಸಿ. ರೋಡಿನ ನಮ್ಮ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರುಗಳ ಕಾಯಿಲೆಗೆಲ್ಲ ನಾನೇ ವೈದ್ಯ. ಕನ್ನಡ ಟೈಪಿಂಗ್ ಮಾಡುವ ನನ್ನದು ವಿಂಡೋಸ್. ಗಾಜಿನ ಕೋಣೆಯಲ್ಲಿ ಡಿಸೈನರ್ ಕೂರುವುದು ಮ್ಯಾಕ್ ಎದುರು. ಯಾವುದೋ ಅಪ್‌ಡೇಟ್ ಆದ ಮೇಲೆ ಎರಡೂ ಒಂದಕ್ಕೊಂದು ಮಾತು ಬಿಟ್ಟವು. ನನ್ನ ಫೋಲ್ಡರ್ ಅಲ್ಲಿ ಕಾಣುತ್ತಿತ್ತು, ತೆರೆಯುತ್ತಿರಲಿಲ್ಲ. ನಾನು ವೈರ್ ಬದಲಿಸಿದೆ, ರೂಟರ್ ಬದಲಿಸಿದೆ, ಕೊನೆಗೆ ಮ್ಯಾಕ್‌ಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮೂರು ತಿಂಗಳು ಒಂದು ಕಪ್ಪು ಹಾರ್ಡ್ ಡಿಸ್ಕನ್ನು ಕೈಯಲ್ಲಿ ಹಿಡಿದು ಹತ್ತು ಹೆಜ್ಜೆ ನಡೆದೇ ಕೆಲಸ ಸಾಗಿಸಿದೆವು. ಡಿಸೈನರ್ ಅದನ್ನು ಇಜೆಕ್ಟ್ ಮಾಡದೆ ಮ್ಯಾಕ್‌ನಿಂದ ಸುಮ್ಮನೆ ಎಳೆದು ತರುವವರು. ಆಗ ವಿಂಡೋಸ್‌ಗೆ ಅದರ ಗುರುತು ಸಿಗದೆ, ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳುತ್ತಿತ್ತು. ನಾನು ಓದದೆಯೇ ಹೌದು ಎಂದು ಒತ್ತಿ, ಮತ್ತೆ ಫೈಲು ತುಂಬಿಸುತ್ತಿದ್ದೆ. ಕೆಲಸ ನಡೆಯುತ್ತಿತ್ತಲ್ಲ, ಸಾಕು ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ನರಿಕೊಂಬಿನಿಂದ ಒಬ್ಬ ಹೆಂಗಸು ಬಂದರು. ಗಂಡ ಗಲ್ಫಿನಲ್ಲಿ ತೀರಿಕೊಂಡಿದ್ದರು. ಹದಿಮೂರನೇ ದಿನದ ಬೊಜ್ಜಕ್ಕೆ ದೊಡ್ಡ ಫೋಟೋ ಆಗಬೇಕಿತ್ತು. ಕಂಪನಿಗೆ ಒಪ್ಪಿಸಬೇಕಾಗಿದ್ದ ಗಂಡನ ಮ್ಯಾಕ್ ಲ್ಯಾಪ್‌ಟಾಪಿನಿಂದ ರೂಮಿನ ಗೆಳೆಯರೊಬ್ಬರು ಎಲ್ಲವನ್ನೂ ಡಿಸ್ಕಿಗೆ ಹಾಕಿ ಕಳಿಸಿದ್ದರಂತೆ. ಮಗಳಿಗೆಂದು ಅಪ್ಪ ವಾರಕ್ಕೊಂದು ಕಥೆ ಹೇಳಿ, ಊರಿಗೆ ಬಂದಾಗ ಕೊಡಲು ರೆಕಾರ್ಡ್ ಮಾಡಿಟ್ಟದ್ದೂ ಅದರಲ್ಲೇ ಇತ್ತು.

"ಅವರ ಸ್ವರ ಇದ್ರಲ್ಲಿ ಮಾತ್ರ ಉಂಟು ಅಣ್ಣ. ಇದನ್ನು ನೋಡ್ಲಿಕ್ಕೆ ನಮ್ಮಲ್ಲಿ ಕಂಪ್ಯೂಟರ್ ಇಲ್ಲ," ಎಂದು ಆ ಕಪ್ಪು ಡಿಸ್ಕನ್ನು ನನ್ನ ಮೇಜಿನ ಮೇಲಿಟ್ಟು, ಬೊಜ್ಜದ ಸಾಮಾನಿಗೆಂದು ಅಂಗಡಿಗೆ ಹೋದರು.

ಅಷ್ಟರಲ್ಲಿ ಮೂಡುಬಿದಿರೆಯ ಕಾಲೇಜೊಂದರಿಂದ ವಾರ್ಷಿಕ ಸಂಚಿಕೆಗೆ ಅವಸರಪಡಿಸುವ ಫೋನು ಬಂತು. ಕಿವಿಯಲ್ಲಿ ಫೋನಿಟ್ಟುಕೊಂಡೇ ಮೇಜಿನ ಮೇಲಿನ ಕಪ್ಪು ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿದೆ. ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿತು. ಹೌದು ಎಂದು ಒತ್ತಿದೆ. ಸಂಚಿಕೆಯ ಪುಟ, ಫೋಟೋಗಳನ್ನೆಲ್ಲ ತುಂಬಿಸಿದೆ. ಅರ್ಧ ಗಂಟೆಯ ಮೇಲೆ ಡಿಸೈನರ್ ನಮ್ಮ ಡಿಸ್ಕನ್ನು ಕೈಯಲ್ಲಿ ಹಿಡಿದು ಗಾಜಿನ ಕೋಣೆಯಿಂದ ಹೊರಬಂದರು. "ಇದು ನನ್ನತ್ರ ಉಂಟಲ್ಲ ಮಾರಾಯ್ರೆ, ನೀವು ಯಾವುದಕ್ಕೆ ಹಾಕಿದ್ದು?" ಎಂದು ಕೇಳಿದರು.

ಮ್ಯಾಕ್‌ನಿಂದ ಬಂದದ್ದಾದ್ದರಿಂದ ವಿಂಡೋಸ್‌ಗೆ ಗುರುತು ಸಿಗದ ಆ ಹೆಂಗಸಿನ ಡಿಸ್ಕನ್ನೇ ನಾನು ಅಳಿಸಿದ್ದೆ. ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರ್ ಹಾಕಿ ಕೂತೆ. ಹಣೆ, ಕಣ್ಣು ಕಂಡು, ಮೂಗಿನಿಂದ ಕೆಳಗೆ ಬೂದಿ ಬಣ್ಣವಾಗಿದ್ದ ಕೆಲವು ಫೋಟೋಗಳು ಸಿಕ್ಕಿದವು. ಕಥೆ ಒಂದೂ ಸಿಗಲಿಲ್ಲ.

ಆ ಹೆಂಗಸು ಅಂಗಡಿಯಿಂದ ಮರಳಿ ಬಂದಾಗ ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಬಂದ ಮಾತು ಬೇರೆ. "ಅಕ್ಕ, ಡಿಸ್ಕ್ ಬರುವಾಗಲೇ ಹಾಳಾಗಿತ್ತು."

ಅವರು ಅಳಲಿಲ್ಲ. ಡಿಸ್ಕು ಕಳಿಸಿದ್ದ ಗೆಳೆಯರಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ತಾನು ಎರಡು ಸಲ ತೆರೆದು ನೋಡಿಯೇ ಕಳಿಸಿದ್ದೆಂದು ಆ ಗೆಳೆಯರು ಹೇಳುತ್ತಲೇ ಇದ್ದರು. ದಾರಿಯಲ್ಲಿ ಪೆಟ್ಟು ಬಿದ್ದಿರಬಹುದು, ನೀವು ಸರಿಯಾಗಿ ಕಟ್ಟಿರಲಿಕ್ಕಿಲ್ಲ ಎಂದೆ. ನನ್ನ ಸ್ವರ ನಡುಗಲೂ ಇಲ್ಲ. ಅದಕ್ಕೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಮರುದಿನ ಹಟ ಹಿಡಿದು ನೆಟ್‌ವರ್ಕ್ ನೋಡಿದೆ. ನನ್ನ ವಿಂಡೋಸ್ ಖಾತೆಗೆ ಪಾಸ್‌ವರ್ಡೇ ಇರಲಿಲ್ಲ. ಅಂಥ ಖಾತೆಯ ಹೆಸರಿನಲ್ಲಿ ಬಂದ ಮ್ಯಾಕ್ ಅನ್ನು ವಿಂಡೋಸ್ ಒಳಗೆ ಬಿಡುತ್ತಿರಲಿಲ್ಲ. ಪಾಸ್‌ವರ್ಡ್ ಇಟ್ಟೆ, ಫೋಲ್ಡರ್ ತೆರೆಯಿತು. ಹತ್ತು ನಿಮಿಷದ ಕೆಲಸ.

ಬೊಜ್ಜಕ್ಕೆ ಕರೆದಿದ್ದರು, ಹೋದೆ. ಪಾಸ್‌ಪೋರ್ಟಿನ ಹಳೆಯ ಚಿತ್ರವನ್ನು ನಾವೇ ದೊಡ್ಡದು ಮಾಡಿಕೊಟ್ಟಿದ್ದೆವು. ಅದಕ್ಕೆ ಹಾರ ಹಾಕಿದ್ದರು. ಮಗಳು ಅದರ ಎದುರು ಹೂ ಆರಿಸುತ್ತ ಕೂತಿದ್ದಳು. ಎಲೆಗೆ ಪಾಯಸ ಬಡಿಸಲು ಆ ಅಕ್ಕನೇ ಬಂದರು.

"ಅವರ ಗೆಳೆಯ ನಿನ್ನೆಯೂ ಫೋನ್ ಮಾಡಿದ್ರು. ನಾನು ತೆಗೀಲಿಲ್ಲ," ಎಂದರು. "ನೀವು ನಮ್ಮವರಲ್ಲದಿದ್ರೂ ಅಷ್ಟು ಕಷ್ಟಪಟ್ಟಿರಿ. ಇನ್ನೂ ಸ್ವಲ್ಪ ಹಾಕ್ತೇನೆ."

ಬೇಡವೆನ್ನಲಿಲ್ಲ. ತಲೆ ತಗ್ಗಿಸಿ ಅಷ್ಟನ್ನೂ ಉಂಡೆ.