ಅತಿಥಿಗಳ ಹಸಿರು ಚಪ್ಪಲಿ

ಶಾಲೆಯ ಬಾಗಿಲಲ್ಲಿ ಹೊರಗಿನ ಜೋಡು ಕಳಚಿ, ಅತಿಥಿಗಳಿಗೆಂದು ಇಟ್ಟಿರುವ ಹಸಿರು ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋಗುವುದು ಇಸೊಬೆ ತೊಮೊಯೆಗೆ ಕೊನೆಗೂ ಒಗ್ಗಲಿಲ್ಲ. ಆ ಚಪ್ಪಲಿ ಯಾರ ಕಾಲಿಗೂ ಸರಿಹೋಗುವಂಥದ್ದಲ್ಲ. ದೊಡ್ಡ ಕಾಲಿನವರ ಹಿಮ್ಮಡಿ ಆಚೆ ಚಾಚುತ್ತದೆ, ಚಿಕ್ಕ ಕಾಲು ಒಳಗೇ ಓಡಾಡುತ್ತದೆ. ಹೆಜ್ಜೆ ಇಟ್ಟರೆ ಪಟಪಟ ಸದ್ದು. ಅವಳಿಗಿಂತ ಮೊದಲೇ ಆ ಸದ್ದು ಕಾರಿಡಾರಿನ ಉದ್ದಕ್ಕೂ ಓಡಿ, ಶಿಕ್ಷಣ ಕಚೇರಿಯವರು ಬಂದರು ಎಂದು ಪ್ರತಿ ತರಗತಿಗೂ ಹೇಳಿಬಿಡುತ್ತಿತ್ತು.

ಶಾಲೆಯವರಿಗಾದರೆ ತಂತಮ್ಮ ಒಳಶೂ ಇರುತ್ತದೆ. ಬಾಗಿಲ ಬಳಿಯ ಗೂಡಿನಲ್ಲಿ, ಹೆಸರಿನ ಚೀಟಿಯ ಕೆಳಗೆ. ತೊಮೊಯೆಯ ಬಿಳಿ ಒಳಶೂ ಅವಳ ಕಾರಿನ ಡಿಕ್ಕಿಯಲ್ಲಿ ಬಟ್ಟೆಚೀಲದೊಳಗೆ ಮಲಗಿತ್ತು. ಅದರ ಹೊಲಿಗೆಗಳಲ್ಲಿ ಸೀಮೆಸುಣ್ಣದ ಪುಡಿ ಇನ್ನೂ ಕೂತಿತ್ತು. ಮತ್ತೆ ತರಗತಿ ಸಿಕ್ಕ ದಿನ ಬೇಕಾಗುತ್ತದೆ ಎಂದು ಅದನ್ನು ಅವಳು ತೊಳೆದಿರಲೂ ಇಲ್ಲ, ಎಸೆದಿರಲೂ ಇಲ್ಲ.

ನಮ್ಮ ಕಡಲಂಚಿನ ಊರುಗಳಲ್ಲಿ ನಾಲ್ಕನೇ ತರಗತಿಗೆ ಗಣಿತ ಹೇಳಿಕೊಡುವುದರಲ್ಲಿ ಅವಳ ಹೆಸರು ದೊಡ್ಡದು. ಪಾಠ ಶುರುವಾದಾಗ ಖಾಲಿ ಇದ್ದ ಕರಿಹಲಗೆ ಪಾಠ ಮುಗಿಯುವ ಹೊತ್ತಿಗೆ ತುಂಬಿರುತ್ತಿತ್ತು. ನಡುವೆ ಒಂದಕ್ಷರವನ್ನೂ ಅಳಿಸುತ್ತಿರಲಿಲ್ಲ. ಯಾವ ಮಗು ಮೊದಲು ಏನು ಹೇಳಿತು, ಯಾರು ತಪ್ಪಿದರು, ಆ ತಪ್ಪನ್ನು ಹಿಡಿದುಕೊಂಡು ಇನ್ನೊಬ್ಬರು ಹೇಗೆ ದಾರಿ ಕಂಡರು, ಎಲ್ಲವೂ ಅಲ್ಲಿರುತ್ತಿತ್ತು. ಬೇರೆ ಶಾಲೆಯ ಮೇಷ್ಟರುಗಳು ಬಂದು ಆ ಹಲಗೆಯ ಫೋಟೊ ತೆಗೆದುಕೊಂಡು ಹೋಗುತ್ತಿದ್ದರು.

ಅಷ್ಟಾದ ಮೇಲೆ ಕಚೇರಿ ಸುಮ್ಮನಿರುತ್ತದೆಯೇ? ಚೆನ್ನಾಗಿ ಅಡುಗೆ ಮಾಡುವವನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಮೇಲ್ವಿಚಾರಣೆಗೆ ಕೂರಿಸುವ ಬುದ್ಧಿ ನಮ್ಮವರದು. ಮೇಷ್ಟರುಗಳಿಗೆ ತರಬೇತಿ ಕೊಡಲು ಬನ್ನಿ ಎಂದು ಕರೆ ಬಂತು. ಅಂಥ ಕರೆಗೆ ಒಲ್ಲೆ ಎನ್ನುವ ರೂಢಿ ನಮ್ಮಲ್ಲಿಲ್ಲ, ಅದು ಮರ್ಯಾದೆಯಂತೆ. ಅವಳು ತರಗತಿ ಬಿಟ್ಟ ವರ್ಷವೇ ಮಕ್ಕಳಿಗೆಲ್ಲ ತಲೆಗೊಂದು ಟ್ಯಾಬ್ ಬಂತು. ಅದನ್ನು ಪಾಠದಲ್ಲಿ ಬಳಸುವುದು ಹೇಗೆ ಎಂದು ಊರೂರು ಸುತ್ತಿ ಕಲಿಸುವ ಕೆಲಸ ಇವಳ ಪಾಲಿಗೆ ಬಿತ್ತು. ಮಕ್ಕಳ ಮುಂದೆ ಒಂದು ಸಲವೂ ಟ್ಯಾಬ್ ಹಿಡಿದು ನಿಂತವಳಲ್ಲ ಇವಳು. ಆ ಮಾತನ್ನು ಯಾರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ತರಬೇತಿ ನಡೆಯುವ ರೀತಿ ಎಲ್ಲ ಕಡೆ ಒಂದೇ. ಮಕ್ಕಳು ಮನೆಗೆ ಹೋದ ಮೇಲೆ ಮೇಷ್ಟರುಗಳೆಲ್ಲ ವಾಚನಾಲಯದಲ್ಲಿ ಸೇರುತ್ತಾರೆ. ತೊಮೊಯೆ ಪರದೆಯ ಮೇಲೆ ತೋರಿಸುತ್ತಾಳೆ. ಇದನ್ನು ಒತ್ತಿದರೆ ಮಕ್ಕಳ ಉತ್ತರ ಬರುತ್ತದೆ, ಅದನ್ನು ಒತ್ತಿದರೆ ಎಲ್ಲವೂ ಒಟ್ಟಿಗೆ ಕಾಣುತ್ತದೆ. ಎಲ್ಲರೂ ತಲೆದೂಗುತ್ತಾರೆ.

"ಏನಾದ್ರೂ ಕೇಳೋದಿದ್ಯಾ?" ಎಂದು ಕೊನೆಗೆ ಅವಳು ಕೇಳುತ್ತಾಳೆ.

ಯಾರೂ ಉಸಿರೆತ್ತುವುದಿಲ್ಲ. ನಾನೊಬ್ಬ ಕೇಳಿದರೆ ಉಳಿದವರೆಲ್ಲ ಮನೆಗೆ ಹೋಗುವುದು ತಡವಾಗುತ್ತದಲ್ಲ ಎಂಬ ಸಂಕೋಚ. ಇಷ್ಟೂ ತಿಳಿಯದವನು ನಾನೊಬ್ಬನೇ ಇರಬೇಕು ಎಂಬ ನಾಚಿಕೆ. ಉಪಪ್ರಾಂಶುಪಾಲರು ಎದ್ದು, "ಬಹಳ ಉಪಯೋಗವಾಯ್ತು ಸೆನ್ಸೇ" ಎಂದು, ಮೇಷ್ಟರುಗಳಿಗೆ ಸಲ್ಲುವ ಆ ಮರ್ಯಾದೆಯ ಹೆಸರಿನಿಂದ ಕರೆದು ಬಾಗುತ್ತಾರೆ. ಚಪ್ಪಾಳೆ. ಅವಳೂ ಬಾಗುತ್ತಾಳೆ, ಪಟಪಟ ಸದ್ದು ಮಾಡುತ್ತ ಹೊರಗೆ ಬರುತ್ತಾಳೆ.

ಮಧ್ಯಾಹ್ನದ ಊಟವನ್ನು ಅವಳು ಕಾರಿನಲ್ಲೇ ಮುಗಿಸುತ್ತಿದ್ದಳು. ಬಂದರಿನ ಹತ್ತಿರ, ಉದ್ದ ಕಾಲುಗಳ ಸ್ಕ್ವಿಡ್ ಮೀನು ಒಣಹಾಕುವ ಕಡೆ ಕಾರು ನಿಲ್ಲಿಸಿ, ಉಪ್ಪಿನ ಪ್ಲಮ್ ಇಟ್ಟ ಅನ್ನದುಂಡೆ ಬಿಚ್ಚುತ್ತಿದ್ದಳು. ತರಗತಿಯಲ್ಲಿದ್ದಾಗ ಮಕ್ಕಳ ಜೊತೆ ಮೇಜು ಕೂಡಿಸಿಕೊಂಡು ಉಂಡವಳು. ಹಾಲು ಚೆಲ್ಲಿದವನನ್ನು ಗದರಿ, ಕ್ಯಾರೆಟ್ ಬಚ್ಚಿಡುವವಳನ್ನು ಹಿಡಿದು, ಗದ್ದಲದ ನಡುವೆ ತನಗೇ ಬಿಸಿ ಊಟ ಸಿಗದೆ ಹೋದವಳು. ಈಗ ಮಾತಾಡಲು ವೈಪರ್ ಬಿಟ್ಟರೆ ಯಾರೂ ಇಲ್ಲ. ಮನೆಯಲ್ಲೂ ಅಷ್ಟೇ. ಅಮ್ಮ ತೀರಿಕೊಂಡ ಮೇಲೆ ಸಂಜೆ ಬಾಗಿಲು ತೆರೆದು "ಬಂದೆ" ಎನ್ನುವ ರೂಢಿಯನ್ನೂ ಬಿಟ್ಟಿದ್ದಳು. ಹೇಳಿದರೆ ಗೋಡೆ ಓಗೊಡುತ್ತದೆಯೇ?

ಪ್ರತಿ ವಸಂತದಲ್ಲೂ ತನ್ನನ್ನು ತರಗತಿಗೆ ವಾಪಸು ಕಳಿಸಿ ಎಂದು ಕೇಳಿಕೊಳ್ಳುತ್ತಿದ್ದಳು. ಆ ವರ್ಷ ಶರತ್ಕಾಲದಲ್ಲಿ, ಕಚೇರಿಯ ಮುಖ್ಯಸ್ಥ ಮಿಯಾಕೆ ಅವಳನ್ನು ಕರೆದು ಚಹಾ ಕೊಟ್ಟರು. ಒಳ್ಳೆಯ ಮನುಷ್ಯ, ಮಾತಿಗೆ ಮುಂಚೆ ನಗುವವರು.

"ಎಲ್ಲ ಶಾಲೇಲೂ ಟ್ಯಾಬ್ ಚೆನ್ನಾಗಿ ನಡೀತಿದೆ ಅಂತ ಸುದ್ದಿ. ಇನ್ನು ಇವಾಮೆ ಶಾಲೆ ಒಂದು ನೋಡ್ಕೊಂಡು ಬಂದ್ಬಿಡಿ, ಇಸೊಬೆ ಸೆನ್ಸೇ. ಅದೂ ಸರಿ ಇದ್ರೆ ನಿಮ್ಮ ಕೆಲಸ ಮುಗೀತು. ಏಪ್ರಿಲ್‌ನಿಂದ ನಿಮಗೊಂದು ತರಗತಿ."

ಚಹಾದ ಬಟ್ಟಲನ್ನು ಅವಳು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಆ ಸಂಜೆ ಮನೆಯ ಬಾಗಿಲು ತೆರೆದಾಗ, ಎಷ್ಟೋ ಕಾಲದ ಮೇಲೆ, "ಬಂದೆ" ಎಂದಳು.

ಇವಾಮೆ ಶಾಲೆ ಗುಡ್ಡದ ಮೇಲಿದೆ. ಕಚೇರಿಯವರು ಬರುತ್ತಾರೆಂದರೆ ನಮ್ಮ ಶಾಲೆಗಳು ಹೇಗೆ ತೊಳೆದಿಟ್ಟ ಹಾಗೆ ಹೊಳೆಯುತ್ತವೆ ಎಂದು ನಾನು ಬೇರೆ ಹೇಳಬೇಕಿಲ್ಲ. ಉಪಪ್ರಾಂಶುಪಾಲ ಓಮೊರಿ ಬಾಗಿಲಲ್ಲೇ ಕಾದಿದ್ದರು. ಹಸಿರು ಚಪ್ಪಲಿಯನ್ನು ತಾವೇ ಅವಳ ಕಾಲಿನ ಕಡೆ ತಿರುಗಿಸಿಟ್ಟರು. ನಾಲ್ಕನೇ ತರಗತಿಯ ಮೇಷ್ಟರು ಕತಾಗಿರಿ, ಮೀಸೆ ಇನ್ನೂ ಗಟ್ಟಿಯಾಗದ ಹುಡುಗ, ಬೆವರುತ್ತ ಪಾಠ ಮಾಡಿದ. ಎಲ್ಲ ಮೇಜಿನ ಮೇಲೂ ಟ್ಯಾಬ್. ಮಕ್ಕಳ ಉತ್ತರಗಳು ಪರದೆಯ ಮೇಲೆ ಸಾಲಾಗಿ ಬಂದು ಕೂತವು. ಒಂದು ಕೊಂಕೂ ಇರಲಿಲ್ಲ.

ಪಾಠ ಮುಗಿದು, ಮಕ್ಕಳು ಟ್ಯಾಬ್‌ಗಳನ್ನು ಬೀರುವಿಗೆ ಇಡುವಾಗ ಉತಾ ಎಂಬ ಹುಡುಗಿ ತೊಮೊಯೆಯ ಹತ್ತಿರ ಬಂದಳು. ಮುಂದಿನ ಹಲ್ಲು ಬಿದ್ದ, ಬಾಯಿ ಸುಮ್ಮನಿರದ ಪೋರಿ.

"ಆಂಟೀ, ನೀವು ನಾಳೇನೂ ಬರ್ತೀರಾ?"

"ಇಲ್ಲಮ್ಮ. ಯಾಕೆ?"

"ನೀವು ಬಂದ್ರೆ ಟ್ಯಾಬ್ ಹೊರಗೆ ಬರುತ್ತೆ. ಇದೇ ಪಾಠ ನಿನ್ನೇನೂ ಮಾಡಿದ್ವಿ, ಮೊನ್ನೇನೂ ಮಾಡಿದ್ವಿ. ಅತಿಥಿ ಬರ್ತಾರೆ ಅಂತ. ನಾಳೆಯಿಂದ ಬೀರುಗೆ ಬೀಗ."

ಬೀರುವಿನ ಪಕ್ಕ ನಿಂತಿದ್ದ ಕತಾಗಿರಿಗೆ ಮಾತು ಕೇಳಿಸಿತ್ತು. ಅವನ ಕಿವಿ ಬೆಂಕಿಯಂತಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಆಮೇಲಿನ ಸಭೆಗೆ ಹೋಗುವ ದಾರಿಯಲ್ಲಿ ಅವಳ ತಲೆಯೊಳಗೆ ಒಂದೇ ಲೆಕ್ಕ. ಇಲ್ಲಿ ಹೀಗಾದರೆ ಉಳಿದ ಕಡೆಯೂ ಹೀಗೇ. ತನಗಾಗಿ ಒಂದು ದಿನ ಹೊರಗೆ ಬರುವ ಟ್ಯಾಬ್, ತನಗಾಗಿ ಅಭ್ಯಾಸ ಮಾಡಿಸಿದ ಪಾಠ. ಇಷ್ಟು ವರ್ಷ ಊರೂರು ಅಲೆದು ಅವಳು ಕಲಿಸಿದ್ದು ಇದನ್ನೇ. ಬಾಯಿ ಮುಚ್ಚಿಕೊಂಡು ಇದ್ದರೆ ಏಪ್ರಿಲ್‌ಗೆ ತರಗತಿ. ಬಾಯಿ ಬಿಟ್ಟರೆ ಮತ್ತೆ ಕಾರು, ಅನ್ನದುಂಡೆ, ಹಸಿರು ಚಪ್ಪಲಿ. ಅವಳಿಗೆ ತರಗತಿ ಬೇಕಿತ್ತು. ಹಸಿದವನಿಗೆ ಅನ್ನ ಬೇಕೆನ್ನುವಷ್ಟು ಬೇಕಿತ್ತು. ಸುಳ್ಳು ಏಕೆ ಹೇಳಲಿ, ಅವಳು ಬಾಯಿ ಮುಚ್ಚಿಕೊಳ್ಳಲು ಮುಕ್ಕಾಲು ಪಾಲು ತೀರ್ಮಾನಿಸಿಯೇ ಒಳಗೆ ಹೋದಳು.

ಸಭೆಯಲ್ಲಿ ಎಲ್ಲರೂ ಕತಾಗಿರಿಯನ್ನು ಹೊಗಳಿದರು. ಕೊನೆಯ ಮಾತು ಕಚೇರಿಯಿಂದ ಬಂದವರದ್ದು. ಓಮೊರಿ ಬಾಗಿ, "ಇಸೊಬೆ ಸೆನ್ಸೆ ಈಗ ಎರಡು ಒಳ್ಳೆ ಮಾತು ಹೇಳ್ತಾರೆ" ಎಂದರು. ಅವಳು ಎದ್ದು ನಿಂತಳು. ಎದುರಿಗೆ ಕತಾಗಿರಿ ತಲೆ ಬಗ್ಗಿಸಿ, ಏಟಿಗೆ ಕಾದವನ ಹಾಗೆ ಭುಜ ಮುದುಡಿಕೊಂಡು ಕೂತಿದ್ದ. ತಪ್ಪು ಆ ಹುಡುಗನದೇ?

"ಟ್ಯಾಬ್ ಹಿಡ್ಕೊಂಡು ನಾನು ಒಂದೇ ಒಂದು ಪಾಠಾನೂ ಮಾಡಿಲ್ಲ" ಎಂದಳು. ಹೇಗೆ ಬಾಯಿಗೆ ಬಂತೋ ಅವಳಿಗೇ ತಿಳಿಯಲಿಲ್ಲ. "ಯಾವ ಬಟನ್ ಒತ್ತಬೇಕು ಅಂತ ನಿಮಗೆ ತೋರಿಸ್ತಾ ಬಂದೆ. ಒತ್ತಿದ ಮೇಲೆ ಮಕ್ಕಳನ್ನ ಏನು ಮಾಡ್ಬೇಕು ಅಂತ ನನಗೇ ಗೊತ್ತಿಲ್ಲ. ಕತಾಗಿರಿ ಸೆನ್ಸೇ, ನಿಮ್ಮ ತರಗತೀನ ನನಗೊಂದು ಪಾಠಕ್ಕೆ ಕೊಡ್ತೀರಾ? ನೀವೆಲ್ಲ ಹಿಂದೆ ಕೂತು ನೋಡಿ. ನಾನು ಎಡವೋದನ್ನ ನೋಡಿ."

ಕಚೇರಿಯವರು ಪಾಠ ಮಾಡುವುದು, ಶಾಲೆಯವರು ಕೂತು ನೋಡುವುದು ಎಲ್ಲಾದರೂ ಉಂಟೇ? ಓಮೊರಿ ಗಡಿಯಾರ ನೋಡಿದರು, ಸೂರು ನೋಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮರುದಿನ ಮಿಯಾಕೆಗೆ ನಡೆದದ್ದನ್ನೆಲ್ಲ ಹೇಳಿದಳು. ಅವರ ಮುಖದ ನಗು ಮೆಲ್ಲಗೆ ಇಳಿಯಿತು.

"ಕೆಲಸ ಮುಗಿದಿಲ್ಲ ಅಂತ ನೀವೇ ಹೇಳಿದ್ರೆ, ನಾನು ನಿಮ್ಮನ್ನ ಬಿಡೋದು ಹೇಗೆ?"

"ಗೊತ್ತು ಸಾರ್."

"ನಿಮ್ಮ ವರ್ಗಾವಣೆ ಆದ ಮೇಲೆ ಹೇಳಿದ್ರೂ ಆಗ್ತಿತ್ತಲ್ರೀ" ಎಂದರು ಮಿಯಾಕೆ, ನಿಜವಾದ ಬೇಸರದಿಂದ.

ಮೊದಲ ಹಿಮ ಬಿದ್ದ ವಾರ ಅವಳು ಇವಾಮೆಯಲ್ಲಿ ಪಾಠ ಮಾಡಿದಳು. ಹಸಿರು ಚಪ್ಪಲಿಯಲ್ಲಿ ಪಾಠ ಮಾಡಲಾಗದು ಎಂದು ಡಿಕ್ಕಿಯಿಂದ ಒಳಶೂ ತೆಗೆದು ಹಾಕಿಕೊಂಡಳು. ಎಲ್ ಆಕಾರದ ಒಂದು ಜಾಗದ ವಿಸ್ತೀರ್ಣ ಕಂಡುಹಿಡಿಯಬೇಕು. ಎಲ್ಲಿ ಕತ್ತರಿಸಬೇಕು, ಎಲ್ಲಿ ಕೂಡಿಸಬೇಕು ಎಂದು ಮಕ್ಕಳು ಟ್ಯಾಬ್ ಮೇಲೆ ಗೆರೆ ಎಳೆದರು. ಅವಳು ಗುಂಡಿ ಒತ್ತಿದಳು. ಇಡೀ ತರಗತಿಯ ಚಿತ್ರಗಳು ದಬದಬನೆ ಪರದೆಗೆ ಬಂದು ಬಿದ್ದವು. ಮೊದಲಾದರೆ ಮಕ್ಕಳ ಹಿಂದೆ ಸುಳಿದಾಡಿ, ಯಾರನ್ನು ಮೊದಲು ಮಾತಾಡಿಸಬೇಕು, ಯಾರನ್ನು ಆಮೇಲೆ ಎಂದು ಅವಳೇ ಆರಿಸುತ್ತಿದ್ದಳು. ಈಗ ಎಲ್ಲರ ಗುಟ್ಟೂ ಒಟ್ಟಿಗೆ ಬಯಲು. ಯಾರೋ ಎಲ್ ಆಕಾರಕ್ಕೆ ಕಣ್ಣು, ಕಾಲು ಬರೆದು ಸ್ಕ್ವಿಡ್ ಮಾಡಿದ್ದ. ತರಗತಿ ನಕ್ಕು ನಕ್ಕು ಬಿತ್ತು. ಅದನ್ನು ಮರೆಮಾಡಲು ಹೋಗಿ ಅವಳು ಇನ್ನೇನೋ ಒತ್ತಿದಳು. ಪರದೆ ಬರಿದಾಯಿತು.

"ಅಯ್ಯೋ ಸೆನ್ಸೇ, ಅದಲ್ಲ!" ಎಂದು ಉತಾ ಕೂಗಿದಳು.

ಸೆನ್ಸೆ ಎಂದು ಮಗುವೊಂದು ಅವಳನ್ನು ಕರೆದು ಎಷ್ಟು ಕಾಲವಾಗಿತ್ತೋ. ಅತ್ತ ಹಿಂದಿನ ಸಾಲಿನಲ್ಲಿ ಕತಾಗಿರಿ, ತಾನು ನೋಡಲು ಬಂದವನು ಎಂಬುದನ್ನೇ ಮರೆತು ಎದ್ದು ನಿಂತಿದ್ದ.

"ಎಡಗಡೆದು, ಎಡಗಡೆದು! ನನಗೂ ದಿನಾ ಹಿಂಗೇ ಆಗ್ತಿತ್ತು, ಅದಕ್ಕೇ ನಾನು ಬೀಗ ಹಾಕಿದ್ದು!"

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡ. ಆಮೇಲೆ ಓಮೊರಿಯೇ ಮೊದಲು ನಕ್ಕರು.

ತೊಮೊಯೆ ಚಿತ್ರಗಳನ್ನು ವಾಪಸು ತಂದಳು. ಅವುಗಳಲ್ಲಿ ಎರಡನ್ನು ಮಾತ್ರ ಪರದೆಯ ಮೇಲೆ ಉಳಿಸಿ, ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಿಂದ ಮಕ್ಕಳ ಮಾತು ಬರೆಯತೊಡಗಿದಳು. ಪಾಠ ಕುಂಟುತ್ತಲೇ ದಡ ಸೇರಿತು, ಚೆನ್ನಾಗಿತ್ತು ಎನ್ನುವ ಹಾಗೇನೂ ಇರಲಿಲ್ಲ. ಆದರೆ ಅವತ್ತಿನ ಸಭೆಯಲ್ಲಿ ಯಾರೂ ಬೇಗ ಏಳಲಿಲ್ಲ. ತಪ್ಪು ಉತ್ತರ ಬರೆದ ಮಗುವಿನ ಚಿತ್ರವನ್ನು ಎಲ್ಲರ ಮುಂದೆ ಇಡುವುದು ಹೇಗೆ? ಎಲ್ಲರ ಉತ್ತರ ಮೊದಲೇ ಕಂಡರೆ ನಿಧಾನದ ಮಕ್ಕಳು ಯೋಚಿಸುವುದನ್ನೇ ಬಿಡುವುದಿಲ್ಲವೇ? ಇಷ್ಟು ವರ್ಷ ಒಬ್ಬರೂ ಕೇಳದ ಪ್ರಶ್ನೆಗಳು. ಅವಳಿಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಹೇಳಿದಳು. ಮುಂದಿನ ಸಲ ನಾನು ಮಾಡ್ತೀನಿ, ನೀವೆಲ್ಲ ನೋಡಿ ಎಂದ ಕತಾಗಿರಿ. ಸುದ್ದಿ ಬೇರೆ ಶಾಲೆಗಳಿಗೂ ಹೋಯಿತು. ಇಸೊಬೆ ಸೆನ್ಸೆ ಬಂದು ಎಡವುತ್ತಾರಂತೆ, ನಮ್ಮಲ್ಲಿಗೂ ಕರೆಯೋಣ ಎಂದು ಒಬ್ಬೊಬ್ಬರೇ ಫೋನ್ ಮಾಡಿದರು.

ಮಾರ್ಚ್ ಕೊನೆಗೆ ಮೇಷ್ಟರುಗಳ ವರ್ಗಾವಣೆಯ ಪಟ್ಟಿ ದಿನಪತ್ರಿಕೆಯಲ್ಲಿ ಬಂತು. ತನ್ನ ಹೆಸರಿರುವುದಿಲ್ಲ ಎಂದು ಗೊತ್ತಿದ್ದೂ ಅವಳು ಪುಟದ ಮೇಲಿನಿಂದ ಕೆಳತನಕ ಬೆರಳಿಟ್ಟು ಓದಿದಳು. ಇರಲಿಲ್ಲ. ಪತ್ರಿಕೆ ಮಡಿಸಿಟ್ಟು, ಅಮ್ಮನ ಫೋಟೊ ಮುಂದೆ ಅನ್ನ ಇಟ್ಟು, ಅಲ್ಲೇ ಕೂತು ಅತ್ತಳು.

ಚೆರ್ರಿ ಹೂವೆಲ್ಲ ಉದುರಿದ ಮೇಲೆ ಒಂದು ದಿನ, ಬೇರೆ ಊರಿಗೆ ಹೋಗುವ ದಾರಿಯಲ್ಲಿ, ಹೇಳದೆ ಕೇಳದೆ ಇವಾಮೆಯ ಗುಡ್ಡ ಹತ್ತಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಹಸಿರು ಚಪ್ಪಲಿಗಳು ಮೂಲೆಯ ಗೂಡಿನಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಅವಳು ಕೈ ಚಾಚಿದವಳು ಹಿಂತೆಗೆದು, ಕಾರಿಗೆ ಹೋಗಿ ತನ್ನ ಬಿಳಿ ಒಳಶೂ ಹಾಕಿಕೊಂಡು ಬಂದಳು.

ಕಾರಿಡಾರಿನಲ್ಲಿ ಅವಳ ಕಾಲು ಸದ್ದೇ ಮಾಡಲಿಲ್ಲ. ಕತಾಗಿರಿಯ ತರಗತಿಯ ಬಾಗಿಲು ಅರ್ಧ ತೆರೆದಿತ್ತು. ಮೇಜುಗಳ ಮೇಲೆ ಟ್ಯಾಬ್‌ಗಳು ಅಡ್ಡಾದಿಡ್ಡಿ ಬಿದ್ದಿದ್ದವು. ತನ್ನ ಮೇಷ್ಟರ ಜೊತೆಗೇ ಐದನೇ ತರಗತಿಗೆ ಏರಿದ್ದ ಉತಾ ಪರದೆಯ ಮುಂದೆ ನಿಂತು, ಹೊಸ ಹಲ್ಲು ತೋರಿಸುತ್ತ, ಅದು ಹೇಗೆ ಸರಿ ಎಂದು ಯಾರ ಜೊತೆಗೋ ಜಗಳಕ್ಕೆ ಬಿದ್ದಿದ್ದಳು. ಕತಾಗಿರಿ ಬೆನ್ನು ತಿರುಗಿಸಿಕೊಂಡು, ಮೈಮರೆತು, ಆ ಜಗಳವನ್ನೇ ಹಲಗೆಯ ಮೇಲೆ ಬರೆಯುತ್ತಿದ್ದ. ಬೀರುವಿನ ಬೀಗ ಕಿಟಕಿಯ ಕಟ್ಟೆಯ ಮೇಲೆ ಸುಮ್ಮನೆ ಕೂತಿತ್ತು.

ಒಳಗೆ ಹೋಗಬೇಕೆಂದು ಅವಳಿಗೆ ತುಂಬ ಆಸೆಯಾಯಿತು. ಹೋದರೆ ಪಾಠ ನಿಲ್ಲುತ್ತದೆ, ಎಲ್ಲರೂ ಎದ್ದು ಬಾಗುತ್ತಾರೆ. ಬಾಗಿಲ ಚೌಕಟ್ಟಿಗೆ ಕೈ ಊರಿ ಪಾಠ ಮುಗಿಯುವ ತನಕ ನಿಂತಳು. ಒಳಗಿನವರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಆಮೇಲೆ ಬಂದ ಹಾಗೇ ಸದ್ದಿಲ್ಲದೆ ಹೋಗಿ, ಕಾರಿನಲ್ಲಿ ಕೂತು ಅನ್ನದುಂಡೆ ಬಿಚ್ಚಿದಳು.