ಎಮೋಜಿಗೂ ದೃಷ್ಟಿ ತೆಗೆದ ರತ್ನಕ್ಕ

ರೀಲ್ಸ್ ಕೆಳಗಿನ ಕಾಮೆಂಟುಗಳಿಗೆ ದೃಷ್ಟಿ ತೆಗೆಯುವುದನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಹೋದ ವಾರ, ನಮ್ಮ ಜಗಳೂರಿನಲ್ಲೇ.

ಹಿಂದಿನ ಬೀದಿಯ ರತ್ನಕ್ಕ ರೊಟ್ಟಿ ಬಡಿದು ಮಾರುವಾಕೆ. ಸೊಕ್ಕೆ ಹಳ್ಳಿಯಿಂದ ಮದುವೆಯಾಗಿ ಬಂದವಳು, ಓದಿದ್ದು ಮೂರನೇ ಕ್ಲಾಸು. ಆಕೆಯ ಮಗಳು ಚೈತ್ರಾ ಫಸ್ಟ್ ಪಿಯುಸಿ, ನನ್ನ ಮಗಳು ಅನನ್ಯಾಳ ಕ್ಲಾಸ್‌ಮೇಟ್. ಚೈತ್ರಾ ಮಾತಿಗೆ ನಿಂತಳೆಂದರೆ ಅರಳು ಹುರಿದಂತೆ. ದಾವಣಗೆರೆಯ ಭಾಷಣ ಸ್ಪರ್ಧೆಗೆ ಕಾಲೇಜಿನಿಂದ ಆಯ್ಕೆಯಾದವಳು ಅವಳೊಬ್ಬಳೇ.

ಆ ಖುಷಿಯಲ್ಲಿ ತನ್ನ ಪ್ರ್ಯಾಕ್ಟೀಸನ್ನೇ ರೀಲ್ಸ್ ಮಾಡಿ ಹಾಕಿದ್ದಾಳೆ. ಭಾಷಣ ಯಾರಿಗೆ ಬೇಕು? ಎಲ್ಲರ ಕಣ್ಣೂ ಅವಳ ಉಬ್ಬುಹಲ್ಲಿನ ಮೇಲೆ. 'ಕಾಯಿ ತುರಿಯಬಹುದು' ಎಂದು ಒಬ್ಬ, 'ಮೈಕ್ ಕಚ್ಚೀಯ, ಹುಷಾರು' ಎಂದು ಇನ್ನೊಬ್ಬ. ಮೂರು ದಿನದಿಂದ ಹುಡುಗಿ ಬಾಯಿಗೆ ವೇಲ್ ಅಡ್ಡ ಹಿಡಿದು ಕೂತಿದ್ದಾಳೆ. ಊಟಕ್ಕೂ ಗೋಡೆ ಕಡೆ ತಿರುಗುತ್ತಾಳಂತೆ. ಬೆಳಗಾದರೆ ಸ್ಪರ್ಧೆ, ಹೋಗುವುದೇ ಇಲ್ಲ ಎಂದುಬಿಟ್ಟಿದ್ದಾಳೆ.

ಸಂಜೆ ರೊಟ್ಟಿ ತರಲು ಹೋದ ನನಗೆ ಇದೆಲ್ಲ ತಿಳಿಯಿತು. ಬಿಡುತ್ತೇನೆಯೇ? (ಅಂಕಣ ಬರೆಯುವವರ ಹತ್ತಿರ ಉಪದೇಶ ಪುಕ್ಕಟೆ.) ಸೆಲ್ಫ್ ಎಸ್ಟೀಮ್, ಪಾಸಿಟಿವ್ ಥಿಂಕಿಂಗ್ ಎಂದು ಹತ್ತು ನಿಮಿಷ ಕೊರೆದೆ. ವೇಲ್ ಒಂದಿಂಚೂ ಸರಿಯಲಿಲ್ಲ.

ರತ್ನಕ್ಕ ಎದ್ದು ಹೋಗಿ ಮುಷ್ಟಿಯಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿದು ಬಂದಳು.

"ಫೋನ್ ತಗಿ. ಯಾರ್ಯಾರು ಬರದಾರೆ, ಹೆಸರು ಹೇಳ್ತಾ ಹೋಗು. ಹೆಸರಿಡಿದು ತೆಗೆದ್ರೆ ದೃಷ್ಟಿ ಜಲ್ದಿ ಹೋಗ್ತೈತೆ."

ಚೈತ್ರಾ ವೇಲಿನೊಳಗಿಂದಲೇ ಗೊಣಗಿದಳು. "ಸೈಲೆಂಟ್ ಕಿಲ್ಲರ್ ಜೀರೋ ಸೆವೆನ್."

"ಇದು ಅವರಪ್ಪ ಇಟ್ಟ ಹೆಸರಾ?"

"ಇಲ್ಲಮ್ಮ, ಅವನೇ ಇಟ್ಕೊಂಡಾನೆ."

"ಸ್ವಂತ ಹೆಸರು ಹೇಳಾಕೆ ಧೈರ್ಯ ಇಲ್ಲದೋನು ನಿನ್ನ ಹಲ್ಲು ಎಣಿಸ್ತಾನಾ? ಸೈಲೆಂಟ್ ಕಿಲ್ಲರನ ಕಣ್ಣು, ಕೆಟ್ಟ ಕಣ್ಣು, ಸುಟ್ಟು ಹೋಗ್ಲಿ! ಮುಂದಿಂದು?"

"ಕ್ಯೂಟ್ ರಾಕ್ಷಸ."

"ಕ್ಯೂಟ್ ರಾಕ್ಷಸನ ಕಣ್ಣು..." ಮುಷ್ಟಿ ಮಗಳ ತಲೆಯಿಂದ ಕಾಲಿನವರೆಗೆ ಇಳಿಯಿತು. ವೇಲಿನ ಹಿಂದೆ ಏನೋ ಕಿಸಕ್ಕೆಂದಿತು.

ಮುಂದಿನ ಹೆಸರಿಗೆ ಚೈತ್ರಾ ತಡೆದಳು. ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

"ಯಾಕೆ ನಿಂತೆ? ಓದು."

"ಅನನ್ಯ. ಏನೂ ಬರದಿಲ್ಲ. ನಗೋ ಎಮೋಜಿ ಹಾಕ್ಯಾಳೆ, ಅಷ್ಟೆ."

ನನ್ನ ಮಗಳು! ಆಗ ನನ್ನ ಸೆಲ್ಫ್ ಎಸ್ಟೀಮ್ ಎಲ್ಲಿತ್ತೆಂದು ಕೇಳಬೇಡಿ. ನಾಚಿಕೆಯಿಂದ ಹಿಡಿಯಷ್ಟಾದೆ. ರತ್ನಕ್ಕ ಬೈದಿದ್ದರೂ ಕೇಳಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. "ಅದಕ್ಕೆ ಬ್ಯಾರೆ ತೆಗಿಬೇಕು" ಎಂದಷ್ಟೇ ಹೇಳಿ ಮುಷ್ಟಿಯನ್ನು ಮಗಳ ಮುಂದೆ ಹಿಡಿದಳು. "ಮೂರು ಸರ್ತಿ ಉಗಿ. ಜೋರಾಗಿ."

ಉಗಿಯಬೇಕಾದರೆ ಬಾಯಿ ತೆರೆಯಲೇಬೇಕಲ್ಲ? ವೇಲ್ ಜಾರಿತು. ಥೂ, ಥೂ, ಥೂ! ಮೂರನೆಯದಕ್ಕೆ ಹುಡುಗಿ ಹಲ್ಲು ಬಿಟ್ಟು ನಗುತ್ತಿದ್ದಳು. ಉಪ್ಪನ್ನು ಒಲೆಗೆ ಹಾಕುವುದನ್ನೂ ಮರೆತು ರತ್ನಕ್ಕ ಆ ನಗುವನ್ನೇ ನೋಡುತ್ತ ನಿಂತಳು. ಆಕೆಯ ಕಣ್ಣು ತುಂಬಿತ್ತು. ನಾನು ಬೆರಗಾಗಿ ಆಕೆಯನ್ನು ನೋಡಿದೆ. ಎಷ್ಟು ಪುಸ್ತಕ ಓದಿದರೆ ಈ ವಿದ್ಯೆ ಬರುತ್ತದೆ, ಹೇಳಿ?

ಹೊರಡುವಾಗ ರೊಟ್ಟಿಯ ಜೊತೆ ಸಣ್ಣದೊಂದು ಪೊಟ್ಟಣ ಕೊಟ್ಟಳು. ಉಪ್ಪು, ಮೆಣಸಿನಕಾಯಿ. (ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದಂತೆ. ಅಂಥ ಹೊತ್ತಲ್ಲೂ ಅದನ್ನು ಮರೆಯದೆ ಪೇಪರಿನಲ್ಲಿ ಕಟ್ಟಿದ್ದಳು!)

"ಅನನ್ಯಂಗೂ ತೆಗೀರಿ ಮೇಡಂ. ಬೈಬ್ಯಾಡ್ರಿ. ರೊಟ್ಟಿಗೆ ಬಂದಾಗ ನೋಡೀನಲ್ಲ, ಅದು ಹಂಗೆಲ್ಲ ನಗೋ ಮಗು ಅಲ್ಲ. ಯಾರಿಗೋ ಹೆದರೈತೆ."

ಹೆದರಿಕೆಯೇ? ನನ್ನ ಮಗಳಿಗೆ? ನಂಬಿಕೆಯಿಲ್ಲದೆಯೇ ಮನೆಗೆ ಹೋಗಿ ಅನನ್ಯಾಳನ್ನು ಮೆತ್ತಗೆ ಕೇಳಿದೆ. ಕೈಯಲ್ಲಿದ್ದ ಫೋನನ್ನು ಮಗುಚಿಟ್ಟಳು. ಆಮೇಲೆ ಬಿಕ್ಕಳಿಸಿ ಅತ್ತಳು. "ನಾನು ನಗದಿದ್ರೆ ಕ್ಲಾಸಿನೋರು ಮುಂದೆ ನನ್ನನ್ನೇ ಆಡ್ಕೊಂತಿದ್ರು ಅಮ್ಮ."

ಮರುದಿನ ಚೈತ್ರಾ ದಾವಣಗೆರೆ ಬಸ್ಸು ಹತ್ತಿದಳು. ಬಹುಮಾನ ಬರಲಿಲ್ಲ. ಕೊಟ್ಟ ಐದು ನಿಮಿಷವೂ ಬಾಯಿ ತುಂಬ ಮಾತಾಡಿ ಬಂದಳು.

ನಾನು ಮಾತ್ರ ಇನ್ನೂ ಯೋಚಿಸುತ್ತಿದ್ದೇನೆ: ಹದಿನಾರು ವರ್ಷ ಒಂದೇ ಸೂರಿನಡಿ ಇದ್ದ ನನಗೆ ಕಾಣದ ಮಗಳ ಭಯ, ಒಂದೇ ಒಂದು ಎಮೋಜಿಯಲ್ಲಿ ರತ್ನಕ್ಕನಿಗೆ ಕಂಡದ್ದು ಹೇಗೆ?